ರ‍್ಯಾಮ್ ಹಾಕಿಸಿದರೆ ಕಂಪ್ಯೂಟರ್ ಫಾಸ್ಟ್ ಆಗುತ್ತಾ?

ತೋಟದ ಲೆಕ್ಕ ಬರೆಯುವವರು, ಹೋಂಸ್ಟೇ ನಡೆಸುವವರು, ಮಕ್ಕಳ ಪ್ರಾಜೆಕ್ಟಿಗೆಂದು ಹಳೇ ಡೆಸ್ಕ್‌ಟಾಪ್ ಇಟ್ಟುಕೊಂಡವರು, ಎಲ್ಲರೂ ಕೇಳುವುದು ಇದನ್ನೇ: "ಸಿಸ್ಟಮ್ ತುಂಬಾ ಸ್ಲೋ ಆಗಿದೆ, ಇನ್ನೊಂದು ರ‍್ಯಾಮ್ ಹಾಕಿಸಿದರೆ ಸರಿಹೋಗುತ್ತಾ?" ಹೋಗಬಹುದು, ಹೋಗದೆಯೂ ಇರಬಹುದು. ರ‍್ಯಾಮ್ ಅಂದರೆ ತೆರೆದಿಟ್ಟ ಕೆಲಸವನ್ನೆಲ್ಲ ಕಂಪ್ಯೂಟರ್ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಮೆಮೊರಿ. ಅಂಗಡಿಗೆ ಹೊರಡುವ ಮೊದಲು ಕಂಪ್ಯೂಟರನ್ನೇ ಒಮ್ಮೆ ಕೇಳಿ ನೋಡಿ.

ದಿನಾ ಬಳಸುವುದನ್ನೆಲ್ಲ ಒಟ್ಟಿಗೆ ತೆರೆಯಿರಿ: ಟ್ಯಾಲಿ, ಎಕ್ಸೆಲ್, ಕ್ರೋಮ್‌ನಲ್ಲಿ ಬುಕಿಂಗ್ ಟ್ಯಾಬ್‌ಗಳು. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ. ಮೆಮೊರಿ ಶೇ. 85-90 ದಾಟಿ ಅಲ್ಲೇ ನಿಂತಿದ್ದರೆ ರ‍್ಯಾಮ್ ಸಾಲುತ್ತಿಲ್ಲ ಎಂದರ್ಥ. ಮೆಮೊರಿ ಅರ್ಧ ಖಾಲಿಯಿದ್ದೂ ಡಿಸ್ಕ್ ಮಾತ್ರ ಶೇ. 100 ತೋರಿಸುತ್ತಿದ್ದರೆ ತೊಂದರೆ ಹಾರ್ಡ್ ಡಿಸ್ಕಿನದು. ಆ ದುಡ್ಡಿಗೆ ಹಾರ್ಡ್ ಡಿಸ್ಕಿನ ಬದಲು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ರ‍್ಯಾಮ್ ಮುಟ್ಟಬೇಡಿ. ಎರಡೂ ತುಂಬಿದ್ದರೆ ರ‍್ಯಾಮ್ ಸಾಲದೆ ವಿಂಡೋಸ್ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿರುತ್ತದೆ. ಆಗ ರ‍್ಯಾಮ್ ಮೊದಲು.

ಎಷ್ಟು ಬೇಕು? ವಿಂಡೋಸ್ 11 ನಾಲ್ಕು ಜಿಬಿಯಲ್ಲೂ ಓಡುತ್ತದೆ ಎನ್ನುವುದು ಕಾಗದದ ಮೇಲಿನ ಮಾತು. 8 ಜಿಬಿಯಲ್ಲಿ ಕೆಲಸ ನಡೆಯುತ್ತದೆ, ಆಫೀಸಿಗೆ 16 ಇದ್ದರೆ ಧಾರಾಳ. ವಿಡಿಯೊ ಎಡಿಟಿಂಗ್ ಮಾಡದವರಿಗೆ 32 ದಂಡ. ಹಳೇ 32 ಬಿಟ್ ವಿಂಡೋಸ್ ಇದ್ದರೆ ಎಷ್ಟೇ ತುಂಬಿದರೂ ಅದು 4 ಜಿಬಿಯ ಒಳಗೇ ನಿಲ್ಲುತ್ತದೆ, ಹೆಚ್ಚಾಗಿ ಮೂರೂವರೆ ಸಿಕ್ಕರೆ ಪುಣ್ಯ. ಮೊದಲು 64 ಬಿಟ್ ಹಾಕಿಸಿ.

ಅದೇ ಮೆಮೊರಿ ಪುಟದ ಕೆಳಗೆ ಸ್ಪೀಡ್, ಬಳಸಿದ ಸ್ಲಾಟ್ (ರ‍್ಯಾಮ್ ಕೂರಿಸುವ ಜಾಗ), ಫಾರ್ಮ್ ಫ್ಯಾಕ್ಟರ್ (ರ‍್ಯಾಮಿನ ಆಕಾರ) ಇರುತ್ತವೆ. ಅದರ ಫೋಟೊ ತೆಗೆದುಕೊಂಡೇ ಅಂಗಡಿಗೆ ಹೋಗಿ. ಸ್ಪೀಡ್ 1333 ಅಥವಾ 1600 ಇದ್ದರೆ ಬಹುತೇಕ ಡಿಡಿಆರ್3 ಎಂಬ ಹಳೇ ತಲೆಮಾರಿನ ರ‍್ಯಾಮ್, 2133ರಿಂದ 3200ರವರೆಗೆ ಡಿಡಿಆರ್4, 4800 ಮತ್ತು ಮೇಲೆ ಡಿಡಿಆರ್5. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇದೆ, ವೋಲ್ಟೇಜೂ ಬೇರೆ: ಕ್ರಮವಾಗಿ 1.5, 1.2, 1.1 ವೋಲ್ಟ್. ಫಾರ್ಮ್ ಫ್ಯಾಕ್ಟರ್‌ನಲ್ಲಿ ಎಸ್‌ಒಡಿಮ್ ಎಂದಿದ್ದರೆ ಲ್ಯಾಪ್‌ಟಾಪಿನ ಚಿಕ್ಕ ರ‍್ಯಾಮ್ ಸ್ಟಿಕ್ಕೇ ಬೇಕು. ಮಿನಿ ಪಿಸಿ, ಆಲ್-ಇನ್-ಒನ್‌ಗಳಲ್ಲಿ ಹೀಗಿರುತ್ತದೆ. ಆನ್‌ಲೈನಿನಲ್ಲಿ ತೀರಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್ಕುಗಳು ಎಎಮ್‌ಡಿ ಬೋರ್ಡಿನಲ್ಲಿ ಮಾತ್ರ ಓಡುತ್ತವೆ. ವಿವರಣೆಯ ಕೊನೇ ಸಾಲನ್ನೂ ಓದಿ.

ಹಾಕುವ ಕೆಲಸ ಕಷ್ಟವಲ್ಲ. ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಯುಪಿಎಸ್ ಇರುವ ಮನೆಗಳಲ್ಲಿ ಗೋಡೆಯ ಸ್ವಿಚ್ ಆರಿಸಿ ಸುಮ್ಮನಾಗುತ್ತಾರೆ, ಆಗಲೂ ಒಳಗೆ ಕರೆಂಟ್ ಇರುತ್ತದೆ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ, ಸ್ಟಿಕ್ಕನ್ನು ಅಂಚಿನಲ್ಲಿ ಹಿಡಿಯಿರಿ. ನಾಲ್ಕು ಸ್ಲಾಟ್ ಇರುವ ಬೋರ್ಡಿನಲ್ಲಿ ಎರಡು ಸ್ಟಿಕ್ಕಿದ್ದರೆ ಸಾಮಾನ್ಯವಾಗಿ ಪ್ರೊಸೆಸರಿನಿಂದ ಎರಡನೆಯದು, ನಾಲ್ಕನೆಯದು. ಎರಡು ತುದಿಯನ್ನೂ ಸಮವಾಗಿ ಒತ್ತಿ. ಕ್ಲಿಪ್ 'ಟಕ್' ಎನ್ನುವಷ್ಟು ಬಲ ಬೇಕೇಬೇಕು. ಹೆದರಿ ಅರ್ಧ ಒತ್ತಿ ಬಿಟ್ಟವರಿಗೇ ಫ್ಯಾನ್ ತಿರುಗಿಯೂ ಡಿಸ್‌ಪ್ಲೇ ಬರದಿರುವುದು. ಡಿಡಿಆರ್5 ಆದರೆ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ.

ಇನ್ನು ನಮ್ಮ ಮಳೆಯ ವಿಷಯ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜೋರು ಮಳೆಯ ತಿಂಗಳಲ್ಲಿ, ಕೊಡಗಿನ ಮಡಿಕೇರಿ, ಭಾಗಮಂಡಲದ ಕಡೆ ಚಪ್ಪಲಿಗೂ ಬೂಷ್ಟು ಹಿಡಿಯುವ ಹೊತ್ತಿಗೆ "ರ‍್ಯಾಮ್ ಹೋಯ್ತು" ಎಂಬ ದೂರು ಶುರು. ನಿಜವಾಗಿ ಸ್ಟಿಕ್ ಸತ್ತಿರುವುದು ಕಡಿಮೆ. ತೇವಕ್ಕೆ ಕಾಂಟ್ಯಾಕ್ಟ್ ಮೇಲೆ ತೆಳ್ಳಗೆ ಪೊರೆ ಕಟ್ಟಿರುತ್ತದೆ, ಅದಕ್ಕೇ ಬೀಪ್ ಬೀಪ್ ಎನ್ನುತ್ತದೆ. ಸ್ಟಿಕ್ ತೆಗೆದು, ಮೆತ್ತನೆಯ ಬಿಳಿ ರಬ್ಬರಿನಿಂದ ಚಿನ್ನದ ಬಣ್ಣದ ಪಿನ್‌ಗಳನ್ನು ಮೇಲಿಂದ ಕೆಳಕ್ಕೆ ಹಗುರವಾಗಿ ಉಜ್ಜಿ. ರಬ್ಬರಿನ ಪುಡಿ ಬ್ರಷ್‌ನಿಂದ ಪೂರ್ತಿ ಹೋಗಲಿ, ಸ್ಲಾಟಿಗೂ ಒಣ ಬ್ರಷ್ ಆಡಿಸಿ. ಬಾಯಲ್ಲಿ ಊದಬೇಡಿ, ಎಂಜಲಿನ ತೇವವೇ ಒಳಗೆ ಹೋಗುತ್ತದೆ. ಉಜ್ಜಿದ ಮೇಲೆ ಪಿನ್ನಿಗೆ ಬೆರಳು ತಾಗಿಸಬೇಡಿ. ದಿನಾ ಓಡುವ ಕಂಪ್ಯೂಟರಿಗೆ ಈ ಕಾಟ ಅಷ್ಟಿಲ್ಲ, ಅದರ ಬಿಸಿಗೇ ಒಳಗೆ ಒಣಗುತ್ತದೆ. ವಾರಗಟ್ಟಲೆ ಬೀಗ ಹಾಕಿಟ್ಟ ಎಸ್ಟೇಟ್ ಆಫೀಸಿನದ್ದೇ ಹೆಚ್ಚು ಕೈಕೊಡುವುದು. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಆನ್ ಮಾಡಿಡಿ.

ಹೊಸ ಸ್ಟಿಕ್ ಹಾಕಿದ ದಿನವೇ ಸ್ಟಾರ್ಟ್‌ನಲ್ಲಿ 'ವಿಂಡೋಸ್ ಮೆಮೊರಿ ಡಯಾಗ್ನೊಸ್ಟಿಕ್' ಹುಡುಕಿ ಟೆಸ್ಟ್ ಓಡಿಸಿ. ತಪ್ಪು ತೋರಿಸಿದರೆ ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟಿನಲ್ಲಿ ಹಾಕಿ ನೋಡಿ, ಹಾಳಾದದ್ದು ಯಾವುದು ಎಂದು ಗೊತ್ತಾಗುತ್ತದೆ. ಬಿಲ್ಲು ಅಲ್ಲಿಯವರೆಗೆ ಜೋಪಾನ.