ಸಾವಿನ ಮನೆಗೆ ಬೈಬಲ್ ಹಿಡಿದು ಹೋಗುವವರಿಗೆ

ಮಂಗಳೂರು, ಉಡುಪಿ ಕಡೆಯ ಕ್ರೈಸ್ತರ ಮನೆಯಲ್ಲಿ ಸಾವಾದರೆ ಜನ ಸೇರಲು ತಡವಾಗುವುದಿಲ್ಲ. ಇಗರ್ಜಿಯ ಗಂಟೆ ಬಡಿಯುವ ಮೊದಲೇ ವಾಟ್ಸಾಪ್‌ನಲ್ಲಿ ಸುದ್ದಿ ಹೋಗಿರುತ್ತದೆ. ವಾಡೊದ (ಇಗರ್ಜಿಗೆ ಸೇರಿದ ವಠಾರದ) ಮುಖಂಡರಾದ ಗುರ್ಕಾರ್ ಕುರ್ಚಿ, ಶಾಮಿಯಾನದ ಏರ್ಪಾಡಿಗೆ ಇಳಿದಿರುತ್ತಾರೆ, ಪಕ್ಕದ ಮನೆಯಿಂದ ಕುಚ್ಚಿಲಕ್ಕಿ ಗಂಜಿಯ ಪಾತ್ರೆ ಹೊರಟಿರುತ್ತದೆ. ಕೈಕೆಲಸಕ್ಕೆ ಏನೂ ಕೊರತೆಯಿಲ್ಲ. ಎಡವುವುದು ಬಾಯಿಮಾತಿನಲ್ಲಿ. "ದೇವರ ಚಿತ್ತ", "ಒಳ್ಳೆಯವರನ್ನು ದೇವರು ಬೇಗ ಕರೆಯುತ್ತಾನೆ", "ಅಳಬೇಡಿ, ಅವರೀಗ ಸ್ವರ್ಗದಲ್ಲಿದ್ದಾರೆ" ಎಂದು ಬಂದವರೆಲ್ಲ ಒಂದೇ ಸಮನೆ ಹೇಳುತ್ತಾರೆ. ಹೇಳಿದವರ ಮನಸ್ಸು ಒಳ್ಳೆಯದೇ. ಆದರೆ "ಅಳಬೇಡಿ" ಎಂಬ ಆ ಮಾತಿಗೆ ಬೈಬಲಿನ ಬೆಂಬಲ ಇಲ್ಲ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯವನ್ನೇ ನೋಡಿ. ಯೇಸುವಿನ ಗೆಳೆಯ ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನವಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುವೆನೆಂದು ಯೇಸುವಿಗೆ ಗೊತ್ತು. ಗೊತ್ತಿದ್ದೂ ಅತ್ತ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ 4:13ನ್ನು ಅಂತ್ಯಕ್ರಿಯೆಯಲ್ಲಿ ತಪ್ಪದೆ ಓದುತ್ತೇವೆ, ಅರ್ಧ ಕೇಳಿಸಿಕೊಳ್ಳುತ್ತೇವೆ. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದ ಪೌಲ, ದುಃಖಿಸಲೇಬೇಡಿ ಎನ್ನಲಿಲ್ಲ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರ ವಿಷಯವೂ ಹೀಗೆಯೇ. ಏಳು ಹಗಲು, ಏಳು ರಾತ್ರಿ ಮಾತಿಲ್ಲದೆ ಅವನೊಂದಿಗೆ ನೆಲದ ಮೇಲೆ ಕೂತರು. ಆ ಏಳು ದಿನದ ಬಗ್ಗೆ ಯಾರ ಆಕ್ಷೇಪವೂ ಇಲ್ಲ. ಬಾಯಿ ತೆರೆದು ಕಾರಣ ವಿವರಿಸಲು ಹೊರಟ ಮೇಲೆಯೇ ಕೆಟ್ಟಿತು.

ಹಾಗಾದರೆ ಏನು ಓದುವುದು? ಎಲ್ಲರ ಕೈ ತಾನಾಗಿ 23ನೇ ಕೀರ್ತನೆಗೆ ಹೋಗುತ್ತದೆ. ತಪ್ಪಿಲ್ಲ, ಆದರೆ ಬೇಗ ಬೇಗ ಓದಿ ಮುಗಿಸುವುದರಿಂದ ಅದರ ತಿರುವು ಕಾಣೆಯಾಗುತ್ತದೆ. ಮೊದಲ ಮೂರು ವಚನಗಳಲ್ಲಿ ದೇವರು "ಆತನು": ಹಸುರುಗಾವಲಿಗೆ ನಡಿಸುವವನು, ನೀರಿನ ಬಳಿಗೆ ಒಯ್ಯುವವನು. ನಾಲ್ಕನೆಯ ವಚನದಲ್ಲಿ ಕತ್ತಲ ಕಣಿವೆ ಬಂದ ಕೂಡಲೇ ಅದೇ ದೇವರು "ನೀನು" ಆಗುತ್ತಾನೆ. ಬೆಳಕಿನಲ್ಲಿ ದೇವರ ಬಗ್ಗೆ ಮಾತಾಡುತ್ತಿದ್ದವನು ಕತ್ತಲಲ್ಲಿ ದೇವರೊಂದಿಗೇ ಮಾತಾಡತೊಡಗುತ್ತಾನೆ. ಮೂರನೆಯ ವಚನ ಮುಗಿದ ಮೇಲೆ ಎರಡು ಉಸಿರಿನಷ್ಟು ನಿಲ್ಲಿಸಿ, ಆಮೇಲೆ ಮುಂದಕ್ಕೆ ಹೋಗಿ. ಇಷ್ಟು ಮಾಡಿದರೆ ಪ್ರಸಂಗ ಬೇಡ.

ಅಕಾಲ ಮರಣವಾದ ಮನೆಯಲ್ಲಿ, ಮಗು ತೀರಿಹೋದ ಮನೆಯಲ್ಲಿ, 23ಕ್ಕಿಂತ ಮೊದಲು 13ನ್ನು ಓದುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆರೇ ವಚನ, ನಿಧಾನವಾಗಿ ಓದಿದರೂ ಒಂದು ನಿಮಿಷ. ಮೊದಲೆರಡು ವಚನಗಳಲ್ಲೇ "ಎಷ್ಟರವರೆಗೆ?" ಎಂದು ದೇವರನ್ನು ನಾಲ್ಕು ಸಲ ಕೇಳಲಾಗಿದೆ. ತಾಯಿಯೊಬ್ಬಳ ಬಾಯಿಂದ ಬರಲಾರದ ಪ್ರಶ್ನೆ ವೇದಪುಸ್ತಕದಲ್ಲೇ ಉಂಟೆಂದು ಅವಳಿಗೆ ತಿಳಿದರೆ ಆ ಹೊತ್ತಿಗೆ ಸಾಕು. ಐದನೆಯ ವಚನದಲ್ಲಿ ಭರವಸೆ ಬರುತ್ತದೆ, ಆದರೆ ಆ ನಾಲ್ಕು ಪ್ರಶ್ನೆಗಳನ್ನು ದಾಟಿಕೊಂಡು ಬರುತ್ತದೆ. ಅಲ್ಲಿಗೇ ಹಾರಿ ಓದಬೇಡಿ.

88ನೇ ಕೀರ್ತನೆ ಇನ್ನೂ ಕಠಿಣ. ಅದು ಕತ್ತಲಲ್ಲೇ ಮುಗಿಯುತ್ತದೆ. ಹೀಬ್ರೂ ಮೂಲದಲ್ಲಿ ಕೊನೆಯ ಪದವೇ "ಕತ್ತಲೆ". ಇದನ್ನು ಗುಂಪಿನ ನಡುವೆ ಓದುವುದು ಬೇಡ. ತಿಂಗಳುಗಳ ಮೇಲೆ "ಪ್ರಾರ್ಥನೆಗೆ ಮನಸ್ಸೇ ಬರುವುದಿಲ್ಲ" ಎನ್ನುವವರಿಗೆ ಒಬ್ಬರೇ ಕೂತು ಓದಲು ಕೊಡಿ. 137ನೇ ಕೀರ್ತನೆಯಲ್ಲಿ ಬಾಬೆಲಿಗೆ ಸೆರೆಹೋದವರ ಗೋಳೂ ನಮ್ಮ ಕರಾವಳಿಗೆ ದೂರದ್ದಲ್ಲ. 1784ರಲ್ಲಿ ಟಿಪ್ಪುವಿನ ಸೈನ್ಯ ಇಲ್ಲಿನ ಕೊಂಕಣಿ ಕ್ಯಾಥೊಲಿಕರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಿತು. ಬದುಕಿ ಉಳಿದ ಹೆಚ್ಚಿನವರು ಊರು ಕಂಡದ್ದು ಟಿಪ್ಪು ಮಡಿದ 1799ರ ನಂತರ, ಅದೂ ಕೆಡವಿದ ಇಗರ್ಜಿಗಳ ಊರು. ಗೋಳಾಡಿದ್ದು ಅವರ ವಿಶ್ವಾಸಕ್ಕೆ ಕುಂದೇನೂ ತರಲಿಲ್ಲ.

ಸಾವಿಗೆ ಮೊದಲಿನ ದಿನಗಳಲ್ಲಿ ಆಗುವ ದೊಡ್ಡ ತಪ್ಪು ಕಾಯುವುದು. ಕ್ಯಾಥೊಲಿಕರಲ್ಲಿ ರೋಗಿಗಾಗಿ ಪ್ರಾರ್ಥಿಸಿ ಪವಿತ್ರ ತೈಲ ಹಚ್ಚುವ ಸಂಸ್ಕಾರವಿದೆ. ಫಾದರ್ ತೈಲ ಹಚ್ಚಲು ಬಂದರೆ ರೋಗಿಗೆ "ಇನ್ನು ಮುಗಿಯಿತು" ಅನಿಸೀತು ಎಂಬ ಅಂಜಿಕೆಯಲ್ಲಿ ಮನೆಯವರು ಮುಂದೂಡುತ್ತಾರೆ, ಕೊನೆಗೆ ಫಾದರ್ ಬರುವಾಗ ರೋಗಿಗೆ ಎಚ್ಚರವೇ ಇರುವುದಿಲ್ಲ. ಕ್ಯಾಥೊಲಿಕ್ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ 1963ರಲ್ಲೇ ಇದನ್ನು "ಅಂತಿಮ ಲೇಪನ" ಎನ್ನುವುದಕ್ಕಿಂತ "ರೋಗಿಗಳ ಲೇಪನ" ಎನ್ನುವುದು ಸರಿ ಎಂದಿತು. ಗಂಭೀರ ಕಾಯಿಲೆ ಶುರುವಾದಾಗ, ದೊಡ್ಡ ಆಪರೇಷನ್‌ಗೆ ಮುಂಚೆ, ವೃದ್ಧಾಪ್ಯದಲ್ಲಿ ದೇಹ ತೀರಾ ಸೋತಾಗ ಕೇಳಬಹುದು. ಗುಣವಾಗಿ ಮತ್ತೆ ಮಲಗಿದರೆ, ಅಥವಾ ಅದೇ ಕಾಯಿಲೆ ಉಲ್ಬಣಿಸಿದರೆ, ಮತ್ತೊಮ್ಮೆ ಪಡೆಯಬಹುದು. ಇದನ್ನು ಕೊಡುವವರು ಗುರುಗಳೇ. ಸಿಸ್ಟರ್, ಗುರ್ಕಾರ್ ಕೊಡಲು ಬರುವುದಿಲ್ಲ. ತೀರಿಹೋದ ಮೇಲೆ ಕೊಡುವಂಥದ್ದೂ ಅಲ್ಲ, ಆಗ ಉಳಿಯುವುದು ಮೃತರಿಗಾಗಿ ಮಾಡುವ ಪ್ರಾರ್ಥನೆ.

ಮನೆಯಲ್ಲಾದರೆ ಹಾಸಿಗೆಯ ಪಕ್ಕ ಸಣ್ಣ ಮೇಜು, ಬಿಳಿ ಬಟ್ಟೆ, ಶಿಲುಬೆ, ಎರಡು ಮೇಣದ ಬತ್ತಿ, ಒಂದು ಲೋಟ ನೀರು, ಚಮಚ ಇಡಿ. ರೋಗಿಯ ಹಣೆಗೆ ಮತ್ತು ಎರಡೂ ಕೈಗಳಿಗೆ ತೈಲ ಹಚ್ಚುತ್ತಾರೆ, ಆದ್ದರಿಂದ ಬ್ಯಾಂಡೇಜ್, ಡ್ರಿಪ್ ಎಲ್ಲಿದೆ ಎಂದು ಮೊದಲೇ ತಿಳಿಸಿ. ನುಂಗಲು ಕಷ್ಟವಿದ್ದರೆ ಅದನ್ನೂ ಹೇಳಬೇಕು. ಪರಮಪ್ರಸಾದದ (ಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿಯ) ಚಿಕ್ಕ ತುಣುಕು ಸಾಕಾಗುತ್ತದೆ, ಒಂದು ಚಮಚ ನೀರಿನೊಂದಿಗೆ ಕೊಡಬಹುದು. ಆಮ್ಲಜನಕ ಹಾಕಿರುವ ಕೋಣೆಯಲ್ಲಿ ಮಾತ್ರ ಬತ್ತಿ ಹಚ್ಚಲೇಬೇಡಿ. ಭಕ್ತಿಯ ಭರದಲ್ಲಿ ಇದನ್ನು ಮರೆಯುವವರಿದ್ದಾರೆ, ಕಿಡಿ ತಗುಲಿದರೆ ಬಟ್ಟೆ, ಹಾಸಿಗೆ ಕ್ಷಣದಲ್ಲಿ ಉರಿಯುತ್ತದೆ. ಸಿಎಸ್‌ಐ (ಪ್ರೊಟೆಸ್ಟಂಟ್ ಸಭೆಯ) ಮನೆಗಳಲ್ಲಿ ಸಭಾಪಾಲಕರನ್ನು ಕರೆಸಿ ಕರ್ತನ ಭೋಜನ ಮಾಡಿಸುವಾಗಲೂ ಇವೇ ಎಚ್ಚರಗಳು.

ಕೊನೆಯ ಗಂಟೆಗಳಲ್ಲಿ ಭಾಷೆಯ ಕಡೆ ಗಮನವಿರಲಿ. ರೋಗಿ ಚಿಕ್ಕಂದಿನಲ್ಲಿ ಯಾವ ಭಾಷೆಯಲ್ಲಿ ಪ್ರಾರ್ಥನೆ ಕಲಿತರೋ ಅದರಲ್ಲೇ ಹೇಳಿ: ಕೊಂಕಣಿಯ ತೇರ್ಸ್ (ಜಪಮಾಲೆ), ತುಳು ಗೀತೆ, ಕನ್ನಡದ "ಪರಲೋಕದಲ್ಲಿರುವ ನಮ್ಮ ತಂದೆಯೇ". ದುಬೈಯಿಂದ ಬಂದ ಮೊಮ್ಮಗಳು ಇಂಗ್ಲಿಷಿನಲ್ಲಿ ಓದಿದರೆ ಪ್ರೀತಿಯೇನೋ ತಲಪುತ್ತದೆ, ಪದಗಳು ತಲಪಲಿಕ್ಕಿಲ್ಲ. ಪ್ರತಿಕ್ರಿಯೆ ಇಲ್ಲದವರಿಗೂ ಕೇಳಿಸುತ್ತಿರಬಹುದು, ಹಾಗಾಗಿ ಕಿವಿಯ ಹತ್ತಿರ, ಮೆಲ್ಲಗೆ, ಒಬ್ಬರೇ ಹೇಳಿ. ಐದು ನಿಮಿಷ ಪ್ರಾರ್ಥನೆ, ಆಮೇಲೆ ಮೌನ, ಒದ್ದೆ ಹತ್ತಿಯಿಂದ ತುಟಿ ಒರೆಸುವುದು, ಮತ್ತೆ ಐದು ನಿಮಿಷ. ಆಸ್ತಿಯ ಮಾತು, ಆಸ್ಪತ್ರೆ ಬಿಲ್ಲಿನ ಮಾತು ಕೋಣೆಯ ಹೊರಗೆ.

ಗಲ್ಫ್‌ನಿಂದ ಮಕ್ಕಳು ಬರುವ ತನಕ ದೇಹ ಶವಾಗಾರದಲ್ಲಿರುವ ಎರಡು ಮೂರು ದಿನಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂತ್ಯಕ್ರಿಯೆಗೆ ನೂರಾರು ಜನ ಬರುತ್ತಾರೆ, ಈ ಸಂಜೆಗಳಲ್ಲಿ ಮನೆಯವರು ಒಬ್ಬಂಟಿ. ಬರುವುದಾದರೆ ಆಗ ಬನ್ನಿ. ಬೈಬಲಿನ ಪ್ರಲಾಪಗಳ ಪುಸ್ತಕದ ಮೂರನೆಯ ಅಧ್ಯಾಯ ಈ ಹೊತ್ತಿಗೆ ಸರಿಹೊಂದುತ್ತದೆ. 66 ವಚನಗಳಿವೆ, ಎಲ್ಲ ಓದಬೇಕಿಲ್ಲ. ಆದರೆ ಕರುಣೆ ಪ್ರತಿ ಬೆಳಿಗ್ಗೆ ಹೊಸದಾಗುತ್ತದೆ ಎಂಬ 22, 23ನೇ ವಚನಗಳನ್ನು ಮಾತ್ರ ಕಿತ್ತು ಓದುವುದಕ್ಕಿಂತ ಅವುಗಳ ಹಿಂದಿನ ಕಹಿಯನ್ನೂ ಸೇರಿಸಿ ಮೊದಲಿಂದ 26ರ ತನಕ ಓದಿ.

ತೀರಿಹೋದವರಿಗಾಗಿ ತಿಂಗಳಿಗೆ ಮಾಡಿಸುವ ಪೂಜೆ ಮುಗಿದ ಮೇಲೆ ಬರುವವರು ನಿಲ್ಲುತ್ತಾರೆ. ನಿಜವಾದ ಬರ ಅಲ್ಲಿಂದ ಮುಂದೆ. ಮೂರನೆಯ, ಆರನೆಯ ತಿಂಗಳಿಗೆ ಒಂದು ಫೋನ್, ಅದರಲ್ಲಿ ತೀರಿಹೋದವರ ಹೆಸರು ಹಿಡಿದು ಒಂದು ಮಾತು. ಹೆಸರೆತ್ತಿದರೆ ನೋವಾದೀತೆಂದು ಎಲ್ಲರೂ ತಪ್ಪಿಸುತ್ತಾರೆ. ಮನೆಯವರಿಗೆ ಅದಕ್ಕಿಂತ ಹೆಚ್ಚು ನೋವು ಆ ಹೆಸರು ಎಲ್ಲೂ ಕೇಳದಿರುವುದು. ಸಾವಾದ ವರ್ಷ ಕುಸ್ವಾರ್ (ಕ್ರಿಸ್‌ಮಸ್ ತಿಂಡಿ) ಮಾಡದ ಮನೆಗಳು ಬಹಳ. ಅವರು ಕಳಿಸುವುದಿಲ್ಲವೆಂದು ನೀವು ನಿಲ್ಲಿಸಬೇಡಿ, ನೆವ್ರಿ, ಕಿಡಿಯೊ, ಗುಳಿಯೊ ಇಟ್ಟ ತಟ್ಟೆ ಎಂದಿನಂತೆ ಹೋಗಲಿ.

ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಸಮಾಧಿಗೆ ಹೋಗುವುದಾದರೆ ಒಂದೆರಡು ದಿನ ಮೊದಲೇ ಹುಲ್ಲು ಕಿತ್ತು ತೊಳೆದಿಡಿ. ಮಳೆಗಾಲದ ಪಾಚಿ ಒಂದೇ ಉಜ್ಜಿಗೆ ಬಿಡುವುದಿಲ್ಲ, ತೆಂಗಿನ ನಾರಿನಿಂದ ಎರಡು ಸಲ ಉಜ್ಜಬೇಕು. ಸಂಜೆಯ ಕಡಲಗಾಳಿಗೆ ಬತ್ತಿ ನಿಲ್ಲದಿದ್ದರೆ ಎರಡು ಹನಿ ಮೇಣ ಸುರಿದು ಗೆರಟೆಯೊಳಗೆ ನೆಟ್ಟರಾಯಿತು.