ಕೆಂಪು ಪೆನ್ನನ್ನು ಕೆಳಗಿಟ್ಟ ಮೇಲೆ

ವಿದ್ಯಾರ್ಥಿಗಳು ತಮ್ಮ ಬರಹ ತಂದು ಸಲಹೆ ಪಡೆಯುವ ಕಾಲೇಜಿನ ಬರವಣಿಗೆ ಪ್ರಯೋಗಾಲಯದಲ್ಲಿ ಮಾರ್ಗದರ್ಶಕಿಯಾಗಿ ಕುಳಿತ ಮೊದಲ ದಿನಗಳಲ್ಲಿ, ಪ್ರಬಂಧವನ್ನು ಮುಂದಿಟ್ಟವರೆಲ್ಲ ಕೇಳುತ್ತಿದ್ದುದು ಒಂದೇ ಮಾತು: "ತಪ್ಪಿದ್ದರೆ ತಿದ್ದಿಕೊಡಿ." ನಾನೂ ಕೆಂಪು ಪೆನ್ನು ಹಿಡಿದು ಒತ್ತಕ್ಷರ, ವಿಭಕ್ತಿ, ಮಹಾಪ್ರಾಣಗಳನ್ನು ಸರಿಪಡಿಸಿ ಕೊಡುತ್ತಿದ್ದೆ. ಹಾಳೆ ಶುದ್ಧವಾಗುತ್ತಿತ್ತು, ಆದರೆ ಮುಂದಿನ ಬರಹದಲ್ಲಿ ಅವೇ ತಪ್ಪುಗಳು ಮತ್ತೆ ಬರುತ್ತಿದ್ದವು.

ತಿದ್ದುವುದು ಎಂಬ ಒಂದೇ ಪದದೊಳಗೆ ನಾವು ಎರಡು ಬೇರೆ ಕೆಲಸಗಳನ್ನು ತುಂಬಿಟ್ಟಿದ್ದೇವೆ. ವಾದವನ್ನೇ ಮರಳಿ ಕಟ್ಟುವುದು ಒಂದು, ವಾಕ್ಯವನ್ನು ತೀಡುವುದು ಇನ್ನೊಂದು. ಬರವಣಿಗೆಯ ಬೋಧನೆ ಕುರಿತ ಅಮೆರಿಕದ ಸಂಶೋಧಕಿ ನ್ಯಾನ್ಸಿ ಸಾಮರ್ಸ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯಾರ್ಥಿಗಳು ಪರಿಷ್ಕರಣೆಯನ್ನು ಪದ ಬದಲಿಸುವ ಕೆಲಸವೆಂದು ತಿಳಿದಿದ್ದರೆ, ಅನುಭವಿ ಬರಹಗಾರರು ವಾದಕ್ಕೊಂದು ರೂಪ ಹುಡುಕುವ ಕೆಲಸವೆಂದು ತಿಳಿದಿದ್ದರು.

ಮಕ್ಕಳ ನಿದ್ದೆಯ ಕುರಿತು ಬರೆದಿದ್ದ ವಿದ್ಯಾರ್ಥಿನಿಯೊಬ್ಬಳು ಮೊದಲ ಪ್ಯಾರಾವನ್ನೇ ನಾಲ್ಕು ಸಲ ಪದ ಬದಲಿಸಿ ಬರೆದು ತಂದಿದ್ದಳು. ಪ್ರತಿ ಪ್ಯಾರಾದ ಪಕ್ಕದಲ್ಲೂ ಅದು ಹೇಳುವುದನ್ನು ಒಂದೇ ವಾಕ್ಯದಲ್ಲಿ ಬರೆಯಲು ಹೇಳಿದೆ. ಮೂರನೆಯದಕ್ಕೂ ಐದನೆಯದಕ್ಕೂ ಅವಳು ಬರೆದದ್ದು ಒಂದೇ ವಾಕ್ಯ. ಅವಳ ನಿಜವಾದ ವಾದವೋ ಕೊನೆಯ ಪ್ಯಾರಾದಲ್ಲಿ ಅವಿತಿತ್ತು. ಅವಳು ಬಹಳ ಹೊತ್ತು ಸುಮ್ಮನೆ ನೋಡುತ್ತಾ ಕುಳಿತು, ಆಮೇಲೆ ಐದನೆಯ ಪ್ಯಾರಾವನ್ನು ಹೊಡೆದುಹಾಕಿ, ಕೊನೆಯದನ್ನು ಮೇಲಕ್ಕೆ ತಂದಳು. ನಾಲ್ಕು ಸಲ ತೀಡಿದ್ದ ಆ ಆರಂಭವೇ ಆಗ ಬೇಡವಾಯಿತು. ಅದಕ್ಕಾಗಿಯೇ ಕಾಗುಣಿತವನ್ನು ಕೊನೆಗೆ ಇಟ್ಟುಕೊಳ್ಳಬೇಕೆಂದು ನಾನು ಪಟ್ಟು ಹಿಡಿಯುತ್ತೇನೆ.

ನಂತರ ಗಟ್ಟಿಯಾಗಿ ಓದಿಸಿದೆ. "ತಡವಾಗಿ ಮಲಗುವ ಮಕ್ಕಳು ಮರುದಿನ ಕಲಿತದ್ದನ್ನು ಬೇಗ ಮರೆಯುತ್ತದೆ" ಎಂದು ಹಾಳೆಯಲ್ಲಿತ್ತು. ಅವಳ ನಾಲಿಗೆ ಮಾತ್ರ "ಮರೆಯುತ್ತಾರೆ" ಎಂದಿತು. ಕಣ್ಣು ಕಾಣದ್ದನ್ನು ನಾಲಿಗೆ ತಾನೇ ಸರಿಪಡಿಸಿಕೊಂಡು ಮುಂದೆ ಹೋಗುವುದರಿಂದ, ಕೇಳುವವರ ಕಣ್ಣು ಹಾಳೆಯ ಮೇಲೇ ಇರಬೇಕು. ಆ ಸಾಲಿನ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಗುರುತನ್ನಷ್ಟೇ ಹಾಕಿದೆ. ತಪ್ಪನ್ನು ಅವಳೇ ಹುಡುಕಿ ತಿದ್ದಿಕೊಂಡಳು. ಈ ಕ್ರಮ ನನ್ನದಲ್ಲ. ತಪ್ಪನ್ನು ಹೆಸರಿಸದೆ ಬರೀ ಅಂಚಿನಲ್ಲಿ ಗುರುತು ಹಾಕಿದಾಗ ವಿದ್ಯಾರ್ಥಿಗಳು ಅಂಥ ತಪ್ಪುಗಳಲ್ಲಿ ಶೇ. 60ಕ್ಕೂ ಹೆಚ್ಚನ್ನು ತಾವೇ ಸರಿಪಡಿಸಿಕೊಂಡರೆಂದು ಅಮೆರಿಕದ ಬರವಣಿಗೆ ಅಧ್ಯಾಪಕ ರಿಚರ್ಡ್ ಹ್ಯಾಸ್‌ವೆಲ್ 1983ರಲ್ಲೇ ಬರೆದಿದ್ದಾರೆ. ಉಳಿದವುಗಳಿಗೇ ನಮ್ಮ ವಿವರಣೆ ಬೇಕಾಗುವುದು, ಸಮಯವೂ ಅಲ್ಲಿಗೇ ಮೀಸಲಾಗಬೇಕು.

ನಾಳೆ ಬೆಳಿಗ್ಗೆಯೇ ಸಲ್ಲಿಸಬೇಕೆಂದು ಓಡಿಬರುವವರನ್ನು ನಾನು ಹಿಂದಕ್ಕೆ ಕಳಿಸುವುದಿಲ್ಲ. ಒಂದು ಪ್ಯಾರಾವನ್ನು ಜೊತೆಯಲ್ಲಿ ಕುಳಿತು ಓದುತ್ತೇವೆ, ಮಿಕ್ಕ ಹಾಳೆಗಳ ಅಂಚಿನಲ್ಲಿ ಗುರುತು ಹಾಕಿ ಕೊಡುತ್ತೇನೆ, ಪೆನ್ನು ಅವರ ಕೈಯಲ್ಲೇ ಇರುತ್ತದೆ.