ಮೆಲ್ಲಗೆ ಬಾಯಿ ಮುಚ್ಚು, ಪುಟ್ಟಿ

ಹಾಸನದಲ್ಲಿ ಹಲ್ಲಿಗೆ ಕ್ಲಿಪ್ ಹಾಕುವ ಕೆಲಸ ಶುರುಮಾಡಿ ಹನ್ನೊಂದು ವರ್ಷ ಆಯಿತು. ಬರುವವರಲ್ಲಿ ಜಾಸ್ತಿ ಜನ ಹೇಳುವುದು ಒಂದೇ ಮಾತು: "ಮುಂದಿನ ಹಲ್ಲು ಸೊಟ್ಟ ಇದೆ ಮೇಡಂ, ನೇರ ಮಾಡಿಕೊಡಿ." ಮೊದಮೊದಲು ನನ್ನ ಕಣ್ಣೂ ಆ ಸಾಲಿನ ಮೇಲೇ ಇತ್ತು. ಆಲೂರು ಕಡೆಯ ಒಬ್ಬ ಹುಡುಗಿಯಿಂದ ಅದು ಬದಲಾಯಿತು.

ಆಗ ಅವಳಿಗೆ 9 ವರ್ಷ. ಮೇಲಿನ ಒಂದು ಹಲ್ಲು ಸ್ವಲ್ಪ ತಿರುಗಿತ್ತು, ಅಷ್ಟೇ. ಹಾಲುಹಲ್ಲು ಎಲ್ಲಾ ಬಿದ್ದ ಮೇಲೆ ಕರೆದುಕೊಂಡು ಬನ್ನಿ ಎಂದು ಅವರ ಅಮ್ಮನಿಗೆ ಹೇಳಿ ಕಳಿಸಿದೆ. ಕಾರ್ಡ್‌ನಲ್ಲಿ 'ಕ್ಲಾಸ್ 1' ಎಂದು ಬರೆದೆ, ಅಂದರೆ ಮೇಲಿನ-ಕೆಳಗಿನ ದವಡೆ ಹಲ್ಲು ಹಿಂದೆ-ಮುಂದೆ ಆಗದೆ ಸರಿಯಾಗಿ ಕೂತಿವೆ ಎಂದು. 1899ರಲ್ಲಿ ಅಮೆರಿಕದ ಎಡ್ವರ್ಡ್ ಆಂಗಲ್, ಆರನೇ ವರ್ಷದ ಹೊತ್ತಿಗೆ ಬರುವ ದವಡೆ ಹಲ್ಲನ್ನು ಗುರುತಾಗಿಟ್ಟುಕೊಂಡು ಬೈಟನ್ನು, ಅಂದರೆ ಮೇಲಿನ-ಕೆಳಗಿನ ಹಲ್ಲು ಕೂಡುವ ರೀತಿಯನ್ನು, ಮೂರು ಗುಂಪು ಮಾಡಿದರು. ಇವತ್ತಿಗೂ ನಾವು ಬರೆಯುವುದು ಅದನ್ನೇ. ಆದರೆ ಅದು ಹಿಂದೆ-ಮುಂದೆ ಹೇಳುತ್ತದೆ, ಎಡ-ಬಲ ಹೇಳುವುದಿಲ್ಲ. ಹಲ್ಲು ಕಚ್ಚುವಾಗ ಅವಳ ಕೆಳದವಡೆ ಎಡಕ್ಕೆ ಜಾರುತ್ತಿತ್ತು. ನಾನು ನೋಡಲಿಲ್ಲ.

ಐದು ವರ್ಷ ಬಿಟ್ಟು ಬಂದಳು. ಗದ್ದ ಎಡಕ್ಕೆ ವಾಲಿದ್ದು ಬಾಗಿಲಲ್ಲೇ ಕಂಡಿತು. "ಫೋಟೋ ತೆಗೆಯೋವಾಗ ಒಂದೇ ಕಡೆ ತಿರುಗಿ ನಿಲ್ತಾಳೆ ಮೇಡಂ" ಎಂದರು ಅವರ ಅಮ್ಮ. ನನಗೆ ಮಾತೇ ಹೊರಡಲಿಲ್ಲ.

ಡಬ್ಬಿಗೆ ಮುಚ್ಚಳ ಕೂರುವ ಹಾಗೆ, ಮೇಲಿನ ಸಾಲು ಕೆಳಗಿನ ಸಾಲಿನ ಹೊರಗಡೆ ಸುತ್ತ ಕೂರಬೇಕು. ಮೇಲಿನ ದವಡೆ ಕಿರಿದಾಗಿದ್ದರೆ ಹಲ್ಲಿನ ತುದಿಗೆ ತುದಿ ತಾಗುತ್ತದೆ, ಅಗಿಯಲು ಆಗುವುದಿಲ್ಲ. ಮಗು ತಾನಾಗಿಯೇ ದವಡೆಯನ್ನು ಒಂದು ಪಕ್ಕಕ್ಕೆ ಸರಿಸಿ ಕಚ್ಚಲು ಕಲಿಯುತ್ತದೆ. ಆಗ ಆ ಪಕ್ಕದ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರುತ್ತದೆ. ಇದೇ ಕ್ರಾಸ್‌ಬೈಟ್. ಬೆಳೆಯುವ ವಯಸ್ಸಲ್ಲಿ ದಿನಾ ಹೀಗೇ ಕಚ್ಚಿದರೆ ಮೂಳೆಯೂ ಹಾಗೇ ಸೊಟ್ಟ ಬೆಳೆಯಬಹುದು. ಚಿಕ್ಕವರಲ್ಲಿ ಅಂಗುಳಿನ ನಡುವಿನ ಕೂಡುಗೆರೆ ಇನ್ನೂ ಬಿಗಿದಿರುವುದಿಲ್ಲ. ಸ್ಕ್ರೂ ಇರುವ ಎಕ್ಸ್‌ಪಾಂಡರ್ ಕೂರಿಸಿ, ಕೀಲಿಯಿಂದ ಒಂದು ಸಲ ತಿರುಗಿಸಿದರೆ ಸುಮಾರು ಕಾಲು ಮಿಲಿಮೀಟರ್ ಅಗಲವಾಗುತ್ತದೆ. ವಯಸ್ಸು ಏರಿದಂತೆ ಆ ಗೆರೆ ಗಟ್ಟಿಯಾಗುತ್ತಾ ಹೋಗುತ್ತದೆ. ಅವಳಿಗೆ 14ರಲ್ಲಿ ಅಗಲ ಮಾಡಿದೆವು, ಕ್ಲಿಪ್ ಹಾಕಿದೆವು. ಹಲ್ಲು ಸರಿಯಾಗಿ ಕೂತವು. ಗದ್ದ ಮಾತ್ರ ಪೂರ್ತಿ ನಡುವಿಗೆ ಬರಲಿಲ್ಲ.

ಉಳಿದ ತೊಂದರೆಗಳಿಗೂ ಹೀಗೇ ಅವುಗಳದ್ದೇ ಹೊತ್ತು ಇದೆ. ಉಬ್ಬುಹಲ್ಲು ಎಂದು ಬರುವ ಎಷ್ಟೋ ಮಕ್ಕಳಲ್ಲಿ ನಿಜವಾಗಿ ಹಿಂದೆ ಉಳಿದಿರುವುದು ಕೆಳದವಡೆ. ಬೆಳವಣಿಗೆ ಜೋರಾಗಿರುವಾಗ ಟ್ವಿನ್ ಬ್ಲಾಕ್, ಅಂದರೆ ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಜೋಡಿ ಪ್ಲೇಟ್, ಕೊಟ್ಟರೆ ಚೆನ್ನಾಗಿ ಕೆಲಸ ಮಾಡುತ್ತದೆ. ಮೇಲೆ ಕೆಳಗೆ ಹಲ್ಲು ತಾಗದೆ ಮುಂದೆ ಸಂದು ಉಳಿದಿದ್ದರೆ ಮೊದಲು ಕೇಳುವುದು ಹೆಬ್ಬೆರಳು ಚೀಪುತ್ತಾನಾ ಎಂದು. ಅಭ್ಯಾಸ ಬಿಡಿಸದೆ ತಂತಿ ಹಾಕಿದರೆ ಸಂದು ಮತ್ತೆ ಬರುತ್ತದೆ.

"ಸ್ವಲ್ಪ ಬಿಗಿ ಮಾಡಿ ಬೇಗ ಮುಗಿಸಿ ಮೇಡಂ" ಎನ್ನುವವರು ಬಹಳ. ಬೇರಿನ ಸುತ್ತ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರ ಇದೆ. ಹದವಾಗಿ ಒತ್ತಿದರೆ ಒಂದು ಕಡೆ ಮೂಳೆ ಕರಗುತ್ತದೆ, ಇನ್ನೊಂದು ಕಡೆ ಹೊಸದು ಕಟ್ಟುತ್ತದೆ, ಹಲ್ಲು ತಿಂಗಳಿಗೆ ಹೆಚ್ಚುಕಡಿಮೆ 1 ಮಿಲಿಮೀಟರ್ ನಡೆಯುತ್ತದೆ. ಜೋರಾಗಿ ಒತ್ತಿದರೆ ಅಲ್ಲಿ ರಕ್ತ ಓಡಾಟವೇ ನಿಂತು ಹಲ್ಲು ಇನ್ನೂ ನಿಧಾನವಾಗುತ್ತದೆ, ಬೇರೂ ಸವೆಯಬಹುದು. ತಡವಾಗುವುದಕ್ಕೆ ಇನ್ನೊಂದು ಕಾರಣ ನಮ್ಮ ತಿಂಡಿ. ಸಂಕ್ರಾಂತಿ ಆದ ಮೇಲಿನ ವಾರ ಕಬ್ಬು ಸಿಗಿದು, ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಬ್ರಾಕೆಟ್ ಕಿತ್ತುಕೊಂಡ ಮಕ್ಕಳೇ ಜಾಸ್ತಿ. ಕೋಡುಬಳೆಯೂ ಬೇಡ. ಮುದ್ದೆ ಎಷ್ಟಾದರೂ ತಿನ್ನಿ.

ಈಗ ಯಾವ ಮಗು ಬಂದರೂ ಮೊದಲು ನಾಲಿಗೆ ತುದಿ ಮೇಲಕ್ಕೆ ಮಡಚಿಸಿ, ಮೆಲ್ಲಗೆ ಬಾಯಿ ಮುಚ್ಚಿಸುತ್ತೇನೆ. ಮೊದಲ ಹಲ್ಲು ತಾಗಿದ ಕೂಡಲೇ ನಿಲ್ಲಿಸಿ, ಆಮೇಲೆ ಪೂರ್ತಿ ಕಚ್ಚಿಸುತ್ತೇನೆ. ಆ ನಡುವೆ ಗದ್ದ ಎತ್ತ ಹೋಗುತ್ತದೆ ಎಂದು ನೋಡುತ್ತೇನೆ. ಒಂದು ನಿಮಿಷವೂ ಬೇಡ. ಏಳು ವರ್ಷಕ್ಕೆಲ್ಲಾ ಒಂದು ಸಲ ತೋರಿಸಿ ಎಂದು ಶಾಲೆಗಳಲ್ಲೂ ಹೇಳುತ್ತಿದ್ದೇನೆ.

ಸಕಲೇಶಪುರದ 8 ವರ್ಷದ ಹುಡುಗನಲ್ಲಿ ಹೀಗೇ ಸಿಕ್ಕಿತು. ಸ್ಕ್ರೂ ತಿರುಗಿಸಲು ಶುರುಮಾಡಿ ಹತ್ತು ದಿನಕ್ಕೆ ಅವನ ಅಮ್ಮ ಗಾಬರಿಯಾಗಿ ಫೋನ್ ಮಾಡಿದರು, "ಡಾಕ್ಟ್ರೇ, ಮುಂದಿನ ಎರಡು ಹಲ್ಲಿನ ಮಧ್ಯೆ ಸಂದಿ ಬಿಟ್ಟಿದೆ!" ಗಾಬರಿ ಬೇಡಮ್ಮ, ಒಳಗೆ ಮೂಳೆ ಅಗಲವಾಗಿದೆ ಎಂದು ಅರ್ಥ, ಸಂದಿ ನಿಧಾನಕ್ಕೆ ತಾನೇ ಮುಚ್ಚಿಕೊಳ್ಳುತ್ತದೆ ಎಂದೆ. ಮುಚ್ಚಿಕೊಂಡಿದೆ. ಮೊನ್ನೆ ಕಚ್ಚಿಸಿ ನೋಡಿದೆ, ಮೇಲಿನ ನಡುಗೆರೆ ಕೆಳಗಿನದಕ್ಕೆ ನೇರ ಇದೆ. ಹೊಸ ಮೂಳೆ ಗಟ್ಟಿಯಾಗಬೇಕು, ಸ್ಕ್ರೂ ಇನ್ನೂ ಮೂರು ತಿಂಗಳು ಬಾಯಲ್ಲೇ ಇರುತ್ತದೆ.